ಮದ್ದಿಗೆ ಕಣ್ಣಳತೆ ಸಾಲದು

ಕಳೆದ ದೀಪಾವಳಿಯ ರಾತ್ರಿ ನಮ್ಮ ಬಳಗದ ಮೂವರು ಗೆಳೆಯನೊಬ್ಬನ ಮನೆಯಲ್ಲಿದ್ದೆವು. ಮಲೆನಾಡಿನ ಒಂಟಿ ಮನೆ, ಹಿಂದೆ ಅಡಿಕೆ ತೋಟ, ಮುಂದೆ ಗದ್ದೆ, ಆಚೆ ಕಾಡು. ಊಟ ಮುಗಿಯುವ ಹೊತ್ತಿಗೆ ಟೆಕ್ಸಾಸಿನಲ್ಲಿರುವ ಅವನ ಭಾವ ವಿಡಿಯೋ ಕಾಲ್ ಮಾಡಿದರು. ಹಬ್ಬದ ಮಾತು ಮುಗಿದ ಮೇಲೆ ಫೋನು ಹಿಡಿದುಕೊಂಡು ತಮ್ಮ ಗ್ಯಾರೇಜಿಗೆ ಹೋಗಿ ಒಂದು ಮೇಜು ತೋರಿಸಿದರು. ಮೇಜಿನ ಮೇಲೆ ಕೈಯಲ್ಲಿ ಎಳೆಯುವ ಒಂದು ಪ್ರೆಸ್ಸು, ಅಕ್ಕಸಾಲಿಗರ ತಕ್ಕಡಿಯಂಥ ಪುಟ್ಟ ತಕ್ಕಡಿ, ಸಾಲಾಗಿ ನಿಲ್ಲಿಸಿದ ಹಿತ್ತಾಳೆಯ ಖಾಲಿ ತೋಟೆಗಳು. ಪಿಸ್ತೂಲಿಗೆ ಬೇಕಾದ ತೋಟೆಯನ್ನು ಅವರು ಅಂಗಡಿಯಿಂದ ತರುವುದಿಲ್ಲವಂತೆ. ಒಮ್ಮೆ ಹಾರಿಸಿದ್ದನ್ನೇ ಹೆಕ್ಕಿ ತಂದು ಮತ್ತೆ ತುಂಬುತ್ತಾರಂತೆ.

ಗೆಳೆಯನ ದೊಡ್ಡಪ್ಪನಿಗೆ ಕುತೂಹಲ ತಡೆಯಲಾಗಲಿಲ್ಲ. ಅವರ ಮನೆಯಲ್ಲಿ ಬೆಳೆ ಕಾಯಲು ಲೈಸೆನ್ಸಿನ ಕೇಪಿನ ಕೋವಿಯೊಂದಿದೆ. ಫೋನನ್ನು ಕಣ್ಣಿನಿಂದ ದೂರ ಹಿಡಿದು ಕೇಳಿದರು: "ಅಳಿಯಂದ್ರೇ, ಅದಕ್ಕೆ ಮದ್ದು ಎಷ್ಟು ಹಾಕ್ತೀರಿ?"

"ಅದನ್ನ ನಾನು ಹೇಳೋ ಹಾಗಿಲ್ಲ ಮಾವ, ಪುಸ್ತಕ ಹೇಳ್ಬೇಕು."

"ನಮಗೆ ಪುಸ್ತಕ ಎಂಥದೂ ಇಲ್ಲ ಮಾರಾಯ್ರೆ. ಬಾಟ್ಲಿ ಮುಚ್ಚಳ ಇದೆಯಲ್ಲ!"

ಎಲ್ಲರೂ ನಕ್ಕರು. ನಾವೂ ನಕ್ಕೆವು. ಆದರೆ ಫೋನು ಹಿಡಿದಿದ್ದ ದೊಡ್ಡಪ್ಪನ ಎಡಗೈಯಲ್ಲಿ ಎರಡು ಬೆರಳಿಲ್ಲ. ಅದು ಕಣ್ಣಿಗೆ ಬಿದ್ದ ಮೇಲೆ ನಗು ಹೆಚ್ಚು ಹೊತ್ತು ಉಳಿಯಲಿಲ್ಲ. ಈ ಬರಹ ಹುಟ್ಟಿದ್ದು ಅಲ್ಲಿಂದ.

ಮೊದಲು ಆ ಅಳಿಯನ ಮೇಜಿನ ಸಂಗತಿ. ಅಮೆರಿಕದಲ್ಲಿ ಸ್ವಂತ ಬಳಕೆಗೆ ತೋಟೆ ತುಂಬಿಕೊಳ್ಳುವುದು ಕಾನೂನಿಗೆ ವಿರೋಧವಲ್ಲ. ಅಲ್ಲಿ ಅದೊಂದು ದೊಡ್ಡ ಹವ್ಯಾಸ. ಕೆಲವರು ದುಡ್ಡು ಉಳಿಸಲು ಮಾಡುತ್ತಾರೆ, ಕೆಲವರು ಗುರಿ ಚೆನ್ನಾಗಿ ಬರಲೆಂದು ಮಾಡುತ್ತಾರೆ. ಒಂದು ತೋಟೆಯಲ್ಲಿ ಇರುವುದು ನಾಲ್ಕೇ ವಸ್ತು: ಹಿತ್ತಾಳೆಯ ಕೊಳವೆ, ಅದರ ಬುಡದಲ್ಲಿ ಕಿಡಿ ಹೊತ್ತಿಸುವ ಕೇಪು, ಒಳಗೆ ಮದ್ದು, ಬಾಯಲ್ಲಿ ಗುಂಡು. ಉಳಿದ ಮೂರನ್ನು ತಪ್ಪಾಗಿ ಜೋಡಿಸಿದರೆ ಬಹಳ ಸಲ ಕಣ್ಣಿಗೇ ಕಾಣುತ್ತದೆ. ಮದ್ದಿನ ತಪ್ಪು ಮಾತ್ರ ಗುಂಡು ಕೂರಿಸಿದ ಮರುಕ್ಷಣ ಒಳಗೆ ಮುಚ್ಚಿಹೋಗುತ್ತದೆ. ಮತ್ತೆ ಅದು ಹೊರಬೀಳುವುದು ಟ್ರಿಗರ್ ಎಳೆದಾಗ, ನಮ್ಮ ಮುಖದ ಎದುರಿಗೆ.

ಅಲ್ಲಿ ಮದ್ದು ತೂಗುವುದು ಗ್ರೇನ್ ಲೆಕ್ಕದಲ್ಲಿ. ಒಂದು ಗ್ರೇನ್ ಎಂದರೆ ಸುಮಾರು 65 ಮಿಲಿಗ್ರಾಂ. ನಮಗೆ ಗೊತ್ತಿರುವ ಲೆಕ್ಕದಲ್ಲಿ ಹೇಳುವುದಾದರೆ, ಅಕ್ಕಸಾಲಿಗರ ಗುಲಗಂಜಿ ಒಂದಕ್ಕೆ ಹತ್ತಿರ ಹತ್ತಿರ ಎರಡು ಗ್ರೇನ್. ಸಾಮಾನ್ಯ ಪಿಸ್ತೂಲಿನ ತೋಟೆಗೆ ಬೀಳುವ ಮದ್ದು ಎರಡು ಮೂರು ಗುಲಗಂಜಿ ತೂಕದ್ದು, ಅಷ್ಟೇ. ತಕ್ಕಡಿ ತೋರಿಸುವುದು ಒಂದು ಗ್ರೇನಿನ ಹತ್ತನೆಯ ಒಂದು ಭಾಗವನ್ನು. ಬಂಗಾರವನ್ನೂ ಇಷ್ಟು ಸೂಕ್ಷ್ಮವಾಗಿ ತೂಗುವವರನ್ನು ನಾವು ನೋಡಿಲ್ಲ.

ಇಷ್ಟು ಚೂರು ಮದ್ದು ಮಾಡುವ ಕೆಲಸವೇನು ಕಡಿಮೆಯದಲ್ಲ. ನಮ್ಮ ಬೈಕಿನ ಟೈರಿಗೆ ಹಾಕಿಸುವ ಗಾಳಿ ಚದರ ಇಂಚಿಗೆ ಸುಮಾರು 30 ಪೌಂಡ್ ಒತ್ತಡದ್ದು. 9 ಎಂಎಂ ಪಿಸ್ತೂಲಿನ ತೋಟೆಗೆ ಅಮೆರಿಕದ ತಯಾರಕರ ಸಂಸ್ಥೆ ಸಾಮಿ ಇಟ್ಟಿರುವ ಮೇಲ್ಮಿತಿ 35,000 ಪೌಂಡ್. ಟೈರಿನ ಒತ್ತಡದ ಸಾವಿರ ಪಟ್ಟಿಗೂ ಹೆಚ್ಚು, ಅದೂ ನಮ್ಮ ಅಂಗೈಯಲ್ಲಿ! ಪಿಸ್ತೂಲಿನ ಕಬ್ಬಿಣ ಇಷ್ಟನ್ನು ತಡೆಯುವಂತೆ ಮಾಡಿರುತ್ತಾರೆ. ಇದರ ಎರಡರಷ್ಟನ್ನು ತಡೆಯುವಂತೆ ಮಾಡಿರುವುದಿಲ್ಲ.

ಹಾಗಾದರೆ ಎಷ್ಟು ಹಾಕಬೇಕು? ಈ ಪ್ರಶ್ನೆಗೆ ಆ ಅಳಿಯ ಕೊಟ್ಟ ಉತ್ತರವೇ ಸರಿಯಾದ ಉತ್ತರ. ಲೈಮನ್, ಸ್ಪೀರ್, ಹಾಜ್‌ಡನ್ ಮುಂತಾದ ಕಂಪನಿಗಳು ಪ್ರಯೋಗಾಲಯದಲ್ಲಿ ಒತ್ತಡ ಅಳೆದು ಕೈಪಿಡಿ ಪ್ರಕಟಿಸುತ್ತವೆ. ಇಂಥ ತೋಟೆ, ಇಂಥ ತೂಕದ ಗುಂಡು, ಇಂಥ ಹೆಸರಿನ ಮದ್ದು ಎಂದು ಬರೆದು, ಎದುರಿಗೆ ಎರಡು ಅಂಕಿ ಕೊಟ್ಟಿರುತ್ತಾರೆ. ಒಂದು ಶುರು ಮಾಡುವ ಅಳತೆ, ಇನ್ನೊಂದು ದಾಟಬಾರದ ಅಳತೆ. ತಿಳಿದವರು ಕೆಳಗಿನ ಅಂಕಿಯಿಂದ ಶುರು ಮಾಡಿ, ನಾಲ್ಕಾರು ತೋಟೆ ಹಾರಿಸಿ ನೋಡಿ, ಬೇಕಿದ್ದರೆ ಮಾತ್ರ ಚೂರು ಚೂರೇ ಮೇಲಕ್ಕೆ ಹೋಗುತ್ತಾರೆ. ಕೆಳಗಿನ ಅಂಕಿಯಲ್ಲೇ ಗುರಿ ಸರಿ ಬಂದರೆ ಅಲ್ಲಿಗೇ ನಿಲ್ಲಿಸುತ್ತಾರೆ. ಗುಂಡು ಬದಲಾದರೆ, ಮದ್ದಿನ ಹೆಸರು ಬದಲಾದರೆ, ಕೇಪಿನ ಕಂಪನಿ ಬದಲಾದರೂ ಮತ್ತೆ ಕೆಳಗಿನಿಂದ ಶುರು.

ಇಷ್ಟೊಂದು ಮಡಿ ಯಾಕೆ ಎಂದು ನಮಗೂ ಅನ್ನಿಸಿತ್ತು. ಮದ್ದು ನೋಡಲು ಎಲ್ಲ ಒಂದೇ ತರ, ಬೂದು ಬಣ್ಣದ ಹರಳು, ಚಕ್ಕೆ. ಆದರೆ ಒಂದು ಮದ್ದು ತಕ್ಷಣ ಉರಿಯುತ್ತದೆ, ಇನ್ನೊಂದು ಕೊಂಚ ನಿಧಾನವಾಗಿ. ಒಂದರ ಅಳತೆಯನ್ನು ಇನ್ನೊಂದಕ್ಕೆ ಹಾಕಿದರೆ ಕೈ ಹೋಗುತ್ತದೆ. ಮದ್ದು ಅದೇ ಇದ್ದರೂ ಸಾಲದು. ಸ್ಪೀರ್ ಕೈಪಿಡಿಯಲ್ಲಿ ದಾಖಲಾದ ಒಂದು ಪ್ರಯೋಗವಿದೆ: 9 ಎಂಎಂ ತೋಟೆಯಲ್ಲಿ ಅದೇ ಮದ್ದು, ಅದೇ ಗುಂಡು ಇಟ್ಟು, ಗುಂಡನ್ನು ಮಾತ್ರ ಮುಕ್ಕಾಲು ಮಿಲಿಮೀಟರಿನಷ್ಟು ಒಳಗೆ ಒತ್ತಿದರು. ಒತ್ತಡ ಎರಡು ಪಟ್ಟಿಗಿಂತ ಮೇಲೆ ಹೋಯಿತು. ಮದ್ದು ಒಂದು ಕಣವೂ ಹೆಚ್ಚಿರಲಿಲ್ಲ, ಅದು ಉರಿಯುವ ಜಾಗ ಕಿರಿದಾಗಿತ್ತು ಅಷ್ಟೆ. ಕುಕ್ಕರಿನಲ್ಲಿ ಅನ್ನಕ್ಕೆ ಜಾಗ ಬಿಡದೆ ಅಕ್ಕಿ ತುಂಬಿದವರಿಗೆ ಇದು ಬೇಗ ಅರ್ಥವಾದೀತು.

"ಹೆಚ್ಚಾದರೆ ಗೊತ್ತಾಗೋದಿಲ್ವಾ? ಒದೆತ ಜೋರಾಗ್ತದೆ, ಕೇಪು ಚಪ್ಪಟೆಯಾಗ್ತದೆ" ಎಂದು ಕೆಲವರು ವಾದಿಸುತ್ತಾರೆ. ಕೈಬಂದೂಕಿನಲ್ಲಿ ಇದನ್ನು ನಂಬಿ ಕೂರುವಂತಿಲ್ಲ. ಅಂಥ ಗುರುತು ಕಾಣುವ ಹೊತ್ತಿಗೆ ಒತ್ತಡ ಎಷ್ಟೋ ಸಲ ಮಿತಿ ದಾಟಿರುತ್ತದೆ. ಬ್ರೇಕ್ ಹಿಡಿಯುವುದಿಲ್ಲ ಎಂಬುದು ಇಳಿಜಾರಿನಲ್ಲಿ ಗೊತ್ತಾದರೆ ಏನು ಬಂತು?

ಹಾಗೆಂದು ಕಡಿಮೆ ಹಾಕಿದರೆ ಕ್ಷೇಮ ಎಂದುಕೊಂಡರೆ ಅದೂ ತಪ್ಪು. ಮದ್ದು ತೀರಾ ಕಡಿಮೆಯಾದರೆ, ಇಲ್ಲವೇ ಬೀಳದೇ ಹೋದರೆ, ಕೇಪಿನ ಬಲಕ್ಕೆ ಗುಂಡು ನಳಿಗೆಯ ಮಧ್ಯದವರೆಗೆ ಹೋಗಿ ಸಿಕ್ಕಿಕೊಳ್ಳುತ್ತದೆ. ಸದ್ದು ಪುಸ್ಸೆಂದು ಕೇಳುತ್ತದೆ. ಆಡುವ ಗಡಿಬಿಡಿಯಲ್ಲಿ ಇನ್ನೊಮ್ಮೆ ಟ್ರಿಗರ್ ಎಳೆದರೆ ಹಿಂದಿನಿಂದ ಬಂದ ಗುಂಡಿಗೆ ದಾರಿಯಿಲ್ಲ, ನಳಿಗೆ ಉಬ್ಬುತ್ತದೆ ಅಥವಾ ಸೀಳುತ್ತದೆ. ಅದಕ್ಕೇ ಕೆಳಗಿನ ಅಂಕಿಗೂ ಅಷ್ಟೇ ಬೆಲೆ.

ಆದರೆ ನಮಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಬೇರೆ. .38 ಸ್ಪೆಷಲ್ ಎಂಬ ರಿವಾಲ್ವರಿನ ತೋಟೆ 1898ರ ಕಾಲದ್ದು. ಹೊಗೆ ಬರುವ ಹಳೆಯ ಕರಿಮದ್ದನ್ನು ತುಂಬಲೆಂದು ಉದ್ದನೆಯ ಕೊಳವೆ ಮಾಡಿದ್ದರು. ಈಗಿನ ಹೊಗೆರಹಿತ ಮದ್ದು ಅದಕ್ಕಿಂತ ಬಹಳ ಶಕ್ತಿಯುಳ್ಳದ್ದು, ಚೂರೇ ಸಾಕು. ಹಾಗಾಗಿ ಕೊಳವೆಯ ತಳದಲ್ಲಿ ಒಂದಿಷ್ಟು ಮದ್ದು, ಮೇಲೆಲ್ಲ ಖಾಲಿ. ತುಂಬುತ್ತಿರುವಾಗ ಫೋನು ಬಂತು, ಮಗು ಕರೆಯಿತು, ವಾಪಸು ಬಂದು ಅದೇ ತೋಟೆಗೆ ಇನ್ನೊಮ್ಮೆ ಮದ್ದು ಸುರಿದರೆ ಅದು ಚೆಲ್ಲುವುದಿಲ್ಲ. ಆರಾಮಾಗಿ ಒಳಗೆ ಕೂರುತ್ತದೆ. ಮೇಲೆ ಗುಂಡು ಕೂತರೆ ಮುಗಿಯಿತು. ಅಲ್ಲಿನವರು ಹೆಚ್ಚು ಹೆದರುವುದು ಇದಕ್ಕೆ, ಒಂದೇ ತೋಟೆಗೆ ಎರಡು ಸಲ ಬೀಳುವ ಮದ್ದಿಗೆ. ಅದಕ್ಕಾಗಿ ಮೇಜಿನ ಮೇಲೆ ಒಂದು ಹೊತ್ತಿಗೆ ಒಂದೇ ಮದ್ದಿನ ಡಬ್ಬಿ ಇಡುತ್ತಾರೆ. ಗುಂಡು ಕೂರಿಸುವ ಮೊದಲು ಸಾಲಿನ ಪ್ರತಿಯೊಂದು ತೋಟೆಯೊಳಗೂ ಬೆಳಕು ಬಿಟ್ಟು ನೋಡುತ್ತಾರೆ. ಅನುಮಾನ ಬಂದರೆ ಎಲ್ಲ ಸುರಿದು ಮೊದಲಿನಿಂದ ತುಂಬುತ್ತಾರೆ. ಆ ಅಳಿಯನ ಗ್ಯಾರೇಜಿನಲ್ಲಿ ಕೆಲಸದ ಹೊತ್ತಿಗೆ ಫೋನಿಗೂ ಪ್ರವೇಶವಿಲ್ಲವಂತೆ. ಅವತ್ತು ನಮಗಾಗಿ ಖಾಲಿ ಮೇಜು ತೋರಿಸಿದ್ದಷ್ಟೇ.

ಇದನ್ನು ಅವರು ವಿವರಿಸುವಾಗ ದೊಡ್ಡಪ್ಪ ಸುಮ್ಮನಾಗಿದ್ದರು. ಫೋನಿಟ್ಟ ಮೇಲೆ ಎಡಗೈ ನೋಡಿಕೊಂಡು ಹೇಳಿದರು: "ಎಲ್ಲರ ಹತ್ರ ಮದ್ದು ಹಾಳಾಗಿತ್ತು ಅಂತಲೇ ಹೇಳಿದ್ದು. ಹಾಳಾಗಿರ್ಲಿಲ್ಲ."

ಹನ್ನೆರಡು ವರ್ಷದ ಹಿಂದಿನ ಮಾತು. ಗದ್ದೆಗೆ ಹಂದಿ ಬಿದ್ದಿವೆ ಎಂದು ಸಂಜೆ ಕೋವಿ ತುಂಬಿಕೊಂಡು ಹೋಗಿದ್ದರು. ಬೆದರಿಸಲು ಹಾರಿಸಿದರೆ ಕೇಪು ಹೊಡೆಯಿತು, ಮದ್ದು ಹತ್ತಲಿಲ್ಲ. ಮಳೆಗಾಲದ ಥಂಡಿ. ಮನೆಗೆ ಬಂದು ಕೋವಿ ಮೂಲೆಗಿಟ್ಟರು. ಮಾರನೆ ದಿನ ಮದುವೆ ಮನೆ, ಅದರ ಮಾರನೆ ದಿನ ಪೇಟೆ. ಮೂರನೆಯ ಸಂಜೆ ಮತ್ತೆ ಹಂದಿ. ಕೋವಿ ಖಾಲಿಯಿದೆ ಎಂದೇ ತಿಳಿದು ಮುಚ್ಚಳದಲ್ಲಿ ಮದ್ದು ಅಳೆದು, ನಾರು ಜಡಿದು, ಚರೆ ಹಾಕಿ, ಮತ್ತೆ ಜಡಿದರು. ಎಡಗೈ ನಳಿಗೆಯ ಕೆಳಗಿತ್ತು.

ಟೆಕ್ಸಾಸಿನ ಹಿತ್ತಾಳೆಯ ತೋಟೆಗೂ ನಮ್ಮ ಕೇಪಿನ ಕೋವಿಗೂ ನೂರೆಂಟು ವ್ಯತ್ಯಾಸವಿದೆ. ಅನಾಹುತ ಮಾತ್ರ ಒಂದೇ. ತುಂಬಿದ್ದನ್ನು ಮರೆತು ಮತ್ತೆ ತುಂಬುವುದು. ಇದು ದಡ್ಡರು ಮಾಡುವ ತಪ್ಪು ಎಂದು ಯಾರೂ ಬೀಗಬೇಕಾಗಿಲ್ಲ. 1863ರ ಜುಲೈಯಲ್ಲಿ ಅಮೆರಿಕದ ಅಂತರ್ಯುದ್ಧದ ಗೆಟಿಸ್‌ಬರ್ಗ್ ಕದನ ಮುಗಿದಾಗ ರಣರಂಗದಲ್ಲಿ ಬಿದ್ದ 27 ಸಾವಿರಕ್ಕೂ ಹೆಚ್ಚು ಕೋವಿಗಳನ್ನು ಒಟ್ಟು ಮಾಡಿದರು. ಅಂದಿನ ವರದಿಗಳ ಪ್ರಕಾರ ಸುಮಾರು 24 ಸಾವಿರ ಕೋವಿಗಳಲ್ಲಿ ಮದ್ದು ತುಂಬಿತ್ತು. ಅವುಗಳಲ್ಲಿ ಅರ್ಧದಷ್ಟರಲ್ಲಿ ಎರಡು ಭರ್ತಿ. ಆರು ಸಾವಿರದಷ್ಟರಲ್ಲಿ ಮೂರರಿಂದ ಹತ್ತು. ಒಂದು ಕೋವಿಯಲ್ಲಂತೂ ಒಂದರ ಮೇಲೊಂದು 23 ಭರ್ತಿ! ಅವರೆಲ್ಲ ಕವಾಯತು ಮಾಡಿ ಪಳಗಿದ ಸಿಪಾಯಿಗಳು. ಗದ್ದಲದಲ್ಲಿ, ಹೆದರಿಕೆಯಲ್ಲಿ, ತನ್ನ ಕೋವಿ ಹಾರಿತೋ ಇಲ್ಲವೋ ಎಂಬುದೇ ಅವರಿಗೆ ತಿಳಿಯುತ್ತಿರಲಿಲ್ಲ. ಕತ್ತಲಲ್ಲಿ ಹಂದಿ ಓಡಿಸುವ ರೈತನಿಗೆ ಮರೆವು ಬಂದರೆ ಆಶ್ಚರ್ಯವೇನು?

ಮರೆವಿಗೆ ಮದ್ದಿಲ್ಲ, ಆದರೆ ಒಂದು ಗೀರಿದೆ. ಕೋವಿ ಖಾಲಿ ಇದೆ ಎಂದು ಖಾತ್ರಿಯಾದಾಗ ಜಡಿಯುವ ಸರಳನ್ನು ನಳಿಗೆಯೊಳಗೆ ತಳದವರೆಗೆ ಇಳಿಸಿ, ನಳಿಗೆಯ ಬಾಯಿಗೆ ಸಮನಾಗಿ ಸರಳಿನ ಮೇಲೆ ಒಂದು ಗುರುತು ಹಾಕಬೇಕು. ಸರಿಯಾದ ಒಂದು ಭರ್ತಿ ಇದ್ದಾಗ ಇನ್ನೊಂದು ಗುರುತು. ಮುಂದೆ ಯಾವತ್ತು ಕೋವಿ ಕೈಗೆ ತೆಗೆದುಕೊಂಡರೂ ಮೊದಲು ಕೇಪು ತೆಗೆದು, ಬಾಯಿ ಯಾರ ಕಡೆಗೂ ಇರದಂತೆ, ನಮ್ಮ ಮುಖದ ಕಡೆಗಂತೂ ಇರದಂತೆ ಹಿಡಿದು, ಸರಳು ಬಿಟ್ಟು ನೋಡಿದರೆ ಒಳಗಿನ ಸಂಗತಿ ತಿಳಿಯುತ್ತದೆ. ಅಮೆರಿಕದಲ್ಲಿ ಕರಿಮದ್ದಿನ ಕೋವಿ ಇಟ್ಟವರು ಇದನ್ನು ಮೊದಲ ಪಾಠವಾಗಿ ಕಲಿಯುತ್ತಾರೆ. ಖರ್ಚು ಒಂದು ಪೈಸೆಯೂ ಇಲ್ಲ. ಹಾರದೆ ಉಳಿದ ಭರ್ತಿಯನ್ನು ಮನೆಯಲ್ಲಿ ಕೆದಕುವುದು ಬೇಡ, ಕೋವಿ ರಿಪೇರಿಯವರ ಹತ್ತಿರ ತೆಗೆಸಿ.

ಚುನಾವಣೆ ಬಂದಾಗಲೆಲ್ಲ ನಮ್ಮ ಕಡೆ ಕೋವಿಗಳು ಠಾಣೆ ಸೇರುತ್ತವೆ. ಬೆಳೆ ಕೊಯ್ಲಿಗೆ ಬಂದಿರುತ್ತದೆ, ಕೋವಿ ಠಾಣೆಯಲ್ಲಿರುತ್ತದೆ, ಆ ಜಗಳವನ್ನು ಇನ್ನೊಮ್ಮೆ ಆಡೋಣ. ವಾಪಸು ತಂದ ದಿನ ಮೊದಲು ಸರಳು ಬಿಟ್ಟು ನೋಡಿ ಎಂಬುದಷ್ಟೇ ಇಲ್ಲಿನ ಮಾತು. ಎರಡು ತಿಂಗಳ ಹಿಂದೆ ಏನು ತುಂಬಿದ್ದೆವು ಎಂಬುದು ಯಾರಿಗೆ ನೆನಪಿರುತ್ತದೆ?

ಇನ್ನು ಮುಚ್ಚಳದ ಅಳತೆ. ಕರಿಮದ್ದನ್ನು ಪಾತ್ರೆಯ ಲೆಕ್ಕದಲ್ಲಿ ಅಳೆಯುವುದು ತಪ್ಪಲ್ಲ, ಲೋಕವೆಲ್ಲ ಹಾಗೇ ಅಳೆಯುತ್ತದೆ. ಆದರೆ ಪಾತ್ರೆ ಒಂದೇ ಇರಬೇಕು. ಹಿಂದಿನವರ ಬಳಿ ಮದ್ದು ಇಡಲು ಕೊಂಬು, ಅಳೆಯಲು ಅದಕ್ಕೆಂದೇ ಮಾಡಿಸಿದ ಅಳತೆ ಇರುತ್ತಿತ್ತು. ಈಗ ಕೆಮ್ಮಿನ ಔಷಧದ ಮುಚ್ಚಳ, ನೀರಿನ ಬಾಟಲಿಯ ಮುಚ್ಚಳ, ಅದೂ ಸಿಗದಿದ್ದರೆ ಅಂಗೈ ಗುಳಿ. ಅಪ್ಪನ ಅಂಗೈಗೂ ಮಗನ ಅಂಗೈಗೂ ಎಷ್ಟು ವ್ಯತ್ಯಾಸ! ಮುಚ್ಚಳ ಒಂದೇ ಆದರೂ ಒಬ್ಬರು ತಲೆ ಸವರುತ್ತಾರೆ, ಇನ್ನೊಬ್ಬರು ಗೋಪುರ ಕಟ್ಟುತ್ತಾರೆ. "ಹಂದಿ ದೊಡ್ಡದು, ಸ್ವಲ್ಪ ಜಾಸ್ತಿ ಇರಲಿ" ಎನ್ನುವ ಮಾತನ್ನು ನಾವೇ ಎಷ್ಟು ಸಲ ಕೇಳಿಲ್ಲ? ಕೋವಿಗೆ ಹಂದಿಯ ಗಾತ್ರ ತಿಳಿಯುವುದಿಲ್ಲ. ನಳಿಗೆಯ ವಯಸ್ಸು ಮಾತ್ರ ತಿಳಿಯುತ್ತದೆ, ಮತ್ತು ನಮ್ಮಲ್ಲಿ ಎಷ್ಟೋ ನಳಿಗೆಗಳು ಅಜ್ಜನ ಕಾಲದವು, ಒಳಗೆ ತುಕ್ಕು ತಿಂದವು.

ಒಂದು ಸಂಗತಿಯನ್ನು ಬಿಡಿಸಿ ಹೇಳಲೇಬೇಕು. ತೋಟಾ ಕೋವಿಯ ತೋಟೆ ಬಿಚ್ಚಿ ಅದರ ಮದ್ದನ್ನು ಕೇಪಿನ ಕೋವಿಗೆ ಸುರಿಯುವ ಕೆಲಸ ಅಲ್ಲಲ್ಲಿ ನಡೆಯುತ್ತದೆ ಎಂದು ಕೇಳಿದ್ದೇವೆ. ಅದು ಹೊಗೆರಹಿತ ಮದ್ದು. ಕರಿಮದ್ದಿನ ಮುಚ್ಚಳದಲ್ಲಿ ಅದನ್ನು ಅಳೆದರೆ ಒತ್ತಡ ಆ ನಳಿಗೆ ತಡೆಯುವ ಮಿತಿಯನ್ನು ಎಲ್ಲೋ ದಾಟಿಬಿಡುತ್ತದೆ. ಕಡಿಮೆ ಹಾಕಿದರೆ ಪರವಾಗಿಲ್ಲವೇ ಎಂದು ಕೇಳಬೇಡಿ. ಕೇಪಿನ ಕೋವಿಗೆ ಅದನ್ನು ಒಂದು ಚಿಟಿಕೆಯೂ ಹಾಕಬಾರದು.

ಇದನ್ನೆಲ್ಲ ಬರೆಯುವಾಗ ನಮ್ಮ ಬಳಗದಲ್ಲೇ ಜಗಳವಾಯಿತು. ಕೋವಿಯ ವಿಷಯ ಬರೆದರೆ ಹುಡುಗರಿಗೆ ದಾರಿ ತೋರಿಸಿದಂತಾಗುವುದಿಲ್ಲವೇ ಎಂದು ಒಬ್ಬಳು ಕೇಳಿದಳು. ಅವಳ ಮಾತಿನಲ್ಲಿ ಸತ್ಯವಿದೆ. ಹಾಗಾಗಿ ಅನುಮಾನಕ್ಕೆ ಎಡೆ ಇಲ್ಲದಂತೆ ಹೇಳುತ್ತೇವೆ: ಟೆಕ್ಸಾಸಿನ ಅಳಿಯ ಮಾಡುವುದನ್ನು ಇಲ್ಲಿ ಮನೆಯಲ್ಲಿ ಮಾಡಲು ಹೋಗಬೇಡಿ. ಲೈಸೆನ್ಸ್ ಇಲ್ಲದೆ ಮದ್ದುಗುಂಡು ತಯಾರಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಅಪರಾಧ. 2019ರ ತಿದ್ದುಪಡಿಯ ನಂತರ ಕನಿಷ್ಠ ಏಳು ವರ್ಷ, ಗರಿಷ್ಠ ಜೀವಾವಧಿ ಶಿಕ್ಷೆ. ಕಾನೂನು ಹಾಗಿರಲಿ, ಅವರ ಕೈಯಲ್ಲಿರುವ ಪುಸ್ತಕ, ತಕ್ಕಡಿ, ಹೆಸರು ಬರೆದ ಮದ್ದಿನ ಡಬ್ಬಿ ಇಲ್ಲಿ ನಮ್ಮ ಕೈಯಲ್ಲಿಲ್ಲ. ಯೂಟ್ಯೂಬಿನಲ್ಲಿ ಕಂಡ ಅಂಕಿ, ವಾಟ್ಸಾಪಿನಲ್ಲಿ ಬಂದ ಅಂಕಿ ಯಾವ ಮದ್ದಿಗೆ ಹೇಳಿದ್ದು ಎಂದು ಹೇಳುವವರೇ ಇರುವುದಿಲ್ಲ. ಬೇಟೆಗಂತೂ ಮಾತೇ ಇಲ್ಲ, ಅದಕ್ಕೆ 1972ರ ವನ್ಯಜೀವಿ ಕಾಯ್ದೆ ಇದೆ.

ಆದರೆ ಸುಮ್ಮನಿರುವುದು ಸರಿಯೆಂದು ನಮಗೆ ಒಪ್ಪಿಗೆಯಾಗಲಿಲ್ಲ. ಲೈಸೆನ್ಸಿನ ಕೋವಿಗಳು ನಮ್ಮ ಮನೆಗಳಲ್ಲಿವೆ. ಕೊಡಗಿನಲ್ಲಿ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಲೈಸೆನ್ಸಿನಿಂದಲೇ ವಿನಾಯಿತಿ ಇದೆ, 2029ರವರೆಗೆ. ಕೈಲ್‌ಪೊಳ್ದ್ ದಿನ ಕೋವಿಗೆ ಹೂವಿಟ್ಟು ಪೂಜಿಸುವ ನಾಡು ಅದು. ಕೋವಿ ಇದೆ, ಮದ್ದು ಇದೆ, ಅಳತೆಯ ಮಾತು ಮಾತ್ರ ಆಡಬಾರದು ಎಂದರೆ ಹೇಗೆ? ಬೆರಳು ಹೋದವರು "ಮದ್ದು ಹಾಳಾಗಿತ್ತು" ಎಂದು ಸುಳ್ಳು ಹೇಳಿಕೊಂಡು ಬದುಕುತ್ತಾರೆ. ನಿಜ ಹೇಳಿದರೆ ಎಲ್ಲಿ ಲೈಸೆನ್ಸ್ ಹೋಗುತ್ತದೋ, ಎಲ್ಲಿ ಊರು ನಗುತ್ತದೋ ಎಂಬ ಭಯ. ಪಕ್ಕದ ಮನೆಯವರಿಗೆ ಆ ನಿಜದಿಂದ ಸಿಗಬೇಕಾಗಿದ್ದ ಎಚ್ಚರಿಕೆಯೂ ಹೀಗೇ ಮುಚ್ಚಿಹೋಗುತ್ತದೆ.

ಜಿಲ್ಲೆಗಳಲ್ಲಿ ಪೊಲೀಸರು ನಾಗರಿಕ ಬಂದೂಕು ತರಬೇತಿ ಶಿಬಿರ ನಡೆಸುತ್ತಾರೆ. ಒಳ್ಳೆಯ ಕೆಲಸ. ಹೋಗಿ ಬಂದ ಇಬ್ಬರನ್ನು ವಿಚಾರಿಸಿದೆವು. ರೈಫಲ್ ಹಿಡಿಯುವುದು, ಗುರಿ ಇಡುವುದು, ಬಿಚ್ಚಿ ಜೋಡಿಸುವುದು ಕಲಿಸಿದರಂತೆ. ಅವರಿಬ್ಬರ ಮನೆಯಲ್ಲೂ ಇರುವುದು ಬಾಯಿಯಿಂದ ತುಂಬುವ ಕೋವಿ, ಅದರ ಸುದ್ದಿಯೇ ಬರಲಿಲ್ಲವಂತೆ. ಅರ್ಧ ದಿನ ಅದಕ್ಕೆ ಕೊಡಿ ಎಂಬುದು ನಮ್ಮ ಬೇಡಿಕೆ. ಗುರುತು ಹಾಕಿದ ಸರಳು, ಒಂದೇ ಅಳತೆಯ ಪಾತ್ರೆ, ಕೇಪು ತೆಗೆದಿಡುವ ಅಭ್ಯಾಸ, ಇಷ್ಟನ್ನು ಕೈಯಲ್ಲಿ ಮಾಡಿಸಿ ತೋರಿಸಿದರೆ ಸಾಕು. ಲೈಸೆನ್ಸ್ ನವೀಕರಣಕ್ಕೆ ಬಂದವರ ನಳಿಗೆಯೊಳಗೆ ತಿಳಿದವರೊಬ್ಬರು ಟಾರ್ಚ್ ಬಿಟ್ಟು ನೋಡಲಿ. ಮದ್ದು ಮಾರುವ ಅಂಗಡಿಯವರು ಡಬ್ಬಿಯ ಜೊತೆ ಕನ್ನಡದಲ್ಲಿ ಒಂದು ಚೀಟಿ ಕೊಡಲಿ, ಇದು ಕರಿಮದ್ದು, ಇಂಥ ಕೋವಿಗೆ ಮಾತ್ರ ಎಂದು.

ದೊಡ್ಡಪ್ಪ ನಮ್ಮ ಬೇಡಿಕೆಗೆ ಕಾಯಲಿಲ್ಲ. ಹಬ್ಬದ ಮಾರನೆಯ ಬೆಳಿಗ್ಗೆ ಸೊಸೆಯ ಕೆಂಪು ಉಗುರುಬಣ್ಣ ಇಸಿದುಕೊಂಡು ಸರಳಿಗೆ ಗುರುತು ಹಾಕಲು ಕೂತರು. ಮೊದಲು ಖಾಲಿ ಇದೆಯೋ ಎಂದು ನೋಡೋಣ ಎಂದು ಕೇಪು ತೆಗೆದು ಸರಳು ಇಳಿಸಿದರೆ ಅದು ತಳದವರೆಗೆ ಹೋಗಲೇ ಇಲ್ಲ. ನಾಲ್ಕು ಬೆರಳಿನಷ್ಟು ಮೇಲೇ ನಿಂತಿತು. ಯಾವಾಗ ತುಂಬಿದ್ದು ಎಂದು ಮನೆಯಲ್ಲಿ ಯಾರಿಗೂ ನೆನಪಿಲ್ಲ. ಮಧ್ಯಾಹ್ನದ ಬಸ್ಸಿಗೆ ಲೈಸೆನ್ಸ್ ಪುಸ್ತಕವನ್ನು ಜೇಬಿಗಿಟ್ಟು, ಕೋವಿಯನ್ನು ಗೋಣಿಯಲ್ಲಿ ಸುತ್ತಿ, ನಮ್ಮಲ್ಲೊಬ್ಬನನ್ನು ಜೊತೆಗೆ ಕರೆದುಕೊಂಡು ರಿಪೇರಿಯವರ ಬಳಿ ಹೊರಟರು.